ಕಾಲೊರಸುವ ಮ್ಯಾಟಿಗಿಂತ ಅರ್ಧ ಅಂಕ ಕಡಿಮೆ

ಇಂದ:
ಅರ್ಜಿದಾರ,
ಕುರ್ಚಿ ಪರೀಕ್ಷಕ, ಪ್ಲಾಸ್ಟಿಕ್ ಕಾರ್ಖಾನೆ.
ಸದ್ಯದ ವಾಸ: ಇದೇ ಮನೆ, ಸೋಫಾದ ಎಡತುದಿ.

ಗೆ:
ಮಾನ್ಯ ಅಧ್ಯಕ್ಷರು (ಅರ್ಜಿದಾರನ ಹೆಂಡತಿ),
ಅದ್ಭುತ ಮಾಪನ ಸಮಿತಿ,
ಅಡುಗೆಮನೆ.

ಮೂಲಕ:
ಅರ್ಜಿದಾರನ ಅತ್ತೆಯವರು, ಹಿರಿಯ ಸದಸ್ಯರು (ಕನ್ನಡಕ ಸಿಕ್ಕಿದ ನಂತರ).

ವಿಷಯ: ಅರ್ಜಿದಾರನಿಗೆ ಬಂದ ಐದೂವರೆ ಅಂಕದ ಮರುಪರಿಶೀಲನೆ ಕೋರಿ, ಅದಾಗದಿದ್ದಲ್ಲಿ, ಶನಿವಾರದ ಶಾಲಾ ನಾಟಕಕ್ಕೆ ಹೋಗುವ ಸ್ಟೂಲಿನ ಜೊತೆ ಅವನನ್ನೂ ಕಳುಹಿಸಿಕೊಡಲು ಕೋರಿ.

ಉಲ್ಲೇಖ: 1. ಕಳೆದ ಭಾನುವಾರ ಊಟದ ನಂತರ ತಾವು ತಟ್ಟೆ ತೊಳೆಯುತ್ತಾ ಪ್ರಕಟಿಸಿದ ಫಲಿತಾಂಶ.
2. ಅದಕ್ಕೆ ಎಲ್ಲರೂ ನಕ್ಕದ್ದು, ಕಿರಿಯ ಸದಸ್ಯೆ ಮಾತ್ರ ನಗದೇ ಇದ್ದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ತಮ್ಮಲ್ಲಿ ವಿನಯಪೂರ್ವಕವಾಗಿ, ಆದರೆ ಸ್ವಲ್ಪ ಮುಖ ಊದಿಸಿಕೊಂಡು, ನಿವೇದಿಸಿಕೊಳ್ಳುವುದೇನೆಂದರೆ:

1. ಅರ್ಜಿದಾರನ ಕೆಲಸ ತಮಗೆ ತಿಳಿದದ್ದೇ. ಅಚ್ಚಿನಿಂದ ಹೊರಬಿದ್ದ ಕುರ್ಚಿಯ ಮೇಲೆ ಕೂರುವುದು, ಹಿಂದಕ್ಕೆ ಒರಗುವುದು, ಎಡಕ್ಕೂ ಬಲಕ್ಕೂ ಅಲ್ಲಾಡುವುದು, ಕೊನೆಗೆ ಅದನ್ನು ತಲೆಕೆಳಗು ಮಾಡಿ ಹೊಟ್ಟೆ ನೋಡುವುದು. ಇವನು ಕೂತು ಸಂಬಳ ತಿನ್ನುವವನು ಎಂದು ನೆಂಟರು ಆಡಿಕೊಳ್ಳುವುದು ಈ ಕಾರಣಕ್ಕೇ, ಮತ್ತು ಅದರಲ್ಲಿ ಸುಳ್ಳೇನೂ ಇಲ್ಲ. ಯಂತ್ರಗಳ ಸದ್ದಿನಲ್ಲಿ ಬಾಯಿಮಾತು ಕೇಳಿಸದ ಕಾರಣ, ಪರೀಕ್ಷಕನು ಹತ್ತೂ ಬೆರಳು ಬಿಡಿಸಿಕೊಂಡು, ಕಂಡ ದೋಷಕ್ಕೊಂದರಂತೆ ಮಡಚುತ್ತಾ, ಉಳಿದದ್ದನ್ನು ಎದುರಿಗೆ ಕೂತ ಗುಮಾಸ್ತನಿಗೆ ತೋರಿಸಬೇಕು. ಅರ್ಧ ಅಂಕ ಕಳೆಯಬೇಕಿದ್ದರೆ ಬೆರಳನ್ನು ಅರ್ಧ ಬಗ್ಗಿಸಬೇಕು. ಆರಕ್ಕಿಂತ ಕಡಿಮೆ ಬಂದ ಕುರ್ಚಿ ಪುಡಿಯಂತ್ರಕ್ಕೆ ಹೋಗಿ, ಕರಗಿ, ಬಕೆಟ್ಟಾಗಿ ಮರುಜನ್ಮ ಪಡೆಯುತ್ತದೆ. ಹತ್ತಕ್ಕೆ ಹತ್ತು ಯಾವುದಕ್ಕೂ ಇಲ್ಲ. "ಹತ್ತಕ್ಕೆ ಹತ್ತು ಕೊಟ್ಟೋನು ಕುರ್ಚಿ ನೋಡಿಲ್ಲ, ಗೋಡೆ ನೋಡಿದಾನೆ" ಎಂಬುದು ನಮ್ಮ ಮೇಸ್ತ್ರಿಯ ಮಾತು. ಅರ್ಜಿದಾರನು ಅದನ್ನು ವೇದವಾಕ್ಯವೆಂದು ನಂಬಿ ನಡೆದಿರುತ್ತಾನೆ.

2. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅರ್ಜಿದಾರನದು ಹುಟ್ಟುಗುಣವೂ ಅಲ್ಲ, ಕಾರ್ಖಾನೆಯಿಂದ ಅಂಟಿಸಿಕೊಂಡು ಬಂದದ್ದು, ಆದರೂ ಹೋಗಲಿಲ್ಲ. ಆದಕಾರಣ ಭಾನುವಾರದ ಊಟವಾದ ಮೇಲೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅದು ಎಷ್ಟು ಅದ್ಭುತ ಎಂದು ಅಂಕ ಹಾಕುವ ಆಟವನ್ನು ಈ ಮನೆಗೆ ತಂದವನು ಇವನೇ. ಸಮಿತಿಯೆಂದು ಹೆಸರಿಟ್ಟವನೂ ಇವನೇ. ಹಿಂದಿನ ಕೆಲವು ತೀರ್ಮಾನಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ:

ಛತ್ರಿ: ನಾಲ್ಕು. ಮನೆಯೊಳಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಮಳೆಯಲ್ಲಿ ಎಷ್ಟು ಬೇಡಿಕೊಂಡರೂ ಇಲ್ಲ.

ಟಿವಿ ರಿಮೋಟು: ಆರು. ಬೆನ್ನಿಗೆ ಎರಡು ಏಟು ಬಿದ್ದ ನಂತರ ಏಳು.

ಫ್ರಿಜ್ಜಿನ ಒಳಗಿನ ದೀಪ: ಒಂಬತ್ತು. ಕಿರಿಯ ಸದಸ್ಯೆ ನೀಡಿದ ಕಾರಣ: "ಯಾವಾಗ ಬಾಗಿಲು ತೆಗೆದ್ರೂ ನಮಗೋಸ್ಕರ ಎದ್ದು ಕೂತಿರುತ್ತೆ."

ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಹಾರುವ ಸೂಪರ್‌ಹೀರೋ: ಆರೂವರೆ. ಅರ್ಜಿದಾರನು ಐದಕ್ಕೆ ಇಳಿಸಬೇಕೆಂದಿದ್ದ. ಅತ್ತೆಯವರು, "ಪಾಪ, ಯಾರನ್ನೋ ಉಳಿಸೋ ಅವಸರದಲ್ಲಿ ಹಾಕ್ಕೊಂಡಿರ್ತಾನೆ ಅಳಿಯಂದ್ರೆ" ಎಂದು ತಡೆದರು.

ಧಾರಾವಾಹಿಯ ದುಷ್ಟ ಅತ್ತೆ: ಒಂಬತ್ತು. ಇದೂ ಅತ್ತೆಯವರ ಪಟ್ಟು. "ಆ ಮನೇಲಿ ಅವಳೊಬ್ಬಳೇ ಕಣೇ ಏನಾದ್ರೂ ಮಾಡೋಳು. ಉಳಿದೋರೆಲ್ಲ ಮೆಟ್ಟಿಲ ಹತ್ರ ನಿಂತು ಅಳ್ತಾರೆ."

ಹಾಡಿನ ಸ್ಪರ್ಧೆಯಲ್ಲಿ ಮಾತೆತ್ತಿದರೆ ಅಳುವ ತೀರ್ಪುಗಾರ: ಮೂರು. "ಇವನಿಗೆ ವಾಷರ್ ಹಾಕಿಸ್ಬೇಕು" ಎಂದವರು ತಾವು.

ಕಾಲೊರಸುವ ಮ್ಯಾಟು: ಆರು. ಇದನ್ನು ದಯಮಾಡಿ ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

3. ಕಳೆದ ಭಾನುವಾರ ಅಂಕ ಹಾಕಲು ಮನೆಯಲ್ಲಿ ಹೊಸದೇನೂ ಉಳಿದಿರಲಿಲ್ಲ. ಆಗ ಅರ್ಜಿದಾರನು, ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ, "ಸರಿ, ನನಗೆಷ್ಟು ಕೊಡ್ತೀರ?" ಎಂದು ಕೇಳಿದನು.

"ಬೇಡ ರೀ," ಎಂದಿರಿ ತಾವು. "ಆಮೇಲೆ ಸೋಫಾದ ಮೂಲೆ ಹಿಡೀತೀರ."

"ನಾನೇನು ಚಿಕ್ಕ ಮಗುನಾ? ಕೊಡಿ."

ಅತ್ತೆಯವರು ಎಂಟು ಕೊಟ್ಟರು. ಅವರು ಅಳಿಯಂದಿರಿಗೆಲ್ಲ ಎಂಟೇ ಕೊಡುವುದು, ಅಳಿಯ ಒಬ್ಬನೇ. ತಾವು ಆರು ಕೊಟ್ಟು, ಅದರಲ್ಲಿ ಅರ್ಧ ಅಂಕ ದಾಕ್ಷಿಣ್ಯದ್ದು ಎಂದು ಸ್ಪಷ್ಟಪಡಿಸಿದಿರಿ. ಕಿರಿಯ ಸದಸ್ಯೆಯಾದ ಗುಬ್ಬಿ ಹತ್ತೂ ಬೆರಳು ಬಿಡಿಸಿ ಎದುರಿಗೆ ಹಿಡಿದು, ಅಪ್ಪನ ಮುಖವನ್ನೇ ನೋಡುತ್ತಾ ಒಂದೊಂದಾಗಿ ಮಡಚುತ್ತಾ ಹೋದಳು. ಕೊನೆಗೆ ಎರಡು ಬೆರಳು ನೆಟ್ಟಗೆ ನಿಂತಿದ್ದವು, ಮೂರನೆಯದು ಅರ್ಧ ಬಗ್ಗಿತ್ತು. ಸರಾಸರಿ ಐದೂವರೆ ಎಂದು ತಾವು ಪ್ರಕಟಿಸಿದಿರಿ, ನಲ್ಲಿ ನಿಲ್ಲಿಸಿ ನಕ್ಕಿರಿ. ಅರ್ಜಿದಾರನೂ ನಕ್ಕನು. ಗುಬ್ಬಿ ಎದ್ದು ಕೈ ತೊಳೆಯಲು ಹೋದಳು.

4. ಸದರಿ ಫಲಿತಾಂಶಕ್ಕೆ ಅರ್ಜಿದಾರನ ಆಕ್ಷೇಪಣೆಗಳು ಹೀಗಿವೆ. ಗಟ್ಟಿಯಾದ ಬಾಟಲಿ ಮುಚ್ಚಳ ತೆಗೆಯುವವನು ಇವನೇ. (ತಾವು ಮೊದಲೇ ಸಡಿಲ ಮಾಡಿ ಕೊಡುತ್ತಿದ್ದಿರಿ ಎಂಬ ಅಂಶ ಈಚೆಗೆ ಬೆಳಕಿಗೆ ಬಂದಿರುತ್ತದೆ.) ಜಿರಲೆ ಕಂಡಾಗ ಎಲ್ಲರಿಗಿಂತ ಮೊದಲು ಕೂಗಿ ಮನೆಯನ್ನು ಎಚ್ಚರಿಸುವವನೂ ಇವನೇ. ಸೋರುವ ನಲ್ಲಿಯನ್ನು ಇವನು ಸರಿಪಡಿಸಿದ್ದು ನಿಜ, ಮರುದಿನ ಕೊಳಾಯಿಯವನು ಬಂದು "ಇದನ್ನ ಯಾರು ಮುಟ್ಟಿದ್ದು?" ಎಂದು ಕೇಳಿದ್ದೂ ನಿಜ. ಇಷ್ಟೆಲ್ಲ ಇದ್ದೂ, ಬಾಗಿಲಲ್ಲಿ ಬಿದ್ದುಕೊಂಡು ಎಲ್ಲರಿಂದ ತುಳಿಸಿಕೊಳ್ಳುವ ಮ್ಯಾಟಿಗಿಂತ ಅರ್ಧ ಅಂಕ ಕಡಿಮೆ ಎಂದರೆ ಕಾರ್ಖಾನೆಯ ನಿಯಮದಂತೆ ಇವನು ಬಕೆಟ್ಟಾಗತಕ್ಕವನು. ಆದ ಪ್ರಯುಕ್ತ ಮರುಪರಿಶೀಲನೆ ಕೋರಿ ಈ ಅರ್ಜಿ ಬರೆಯಲು ಕೂತದ್ದು.

5. ಬರೆಯುತ್ತಾ ಹೋದಂತೆ, ಆ ಎರಡೂವರೆ ಅಂಕ ಎಲ್ಲಿಂದ ಬಂತು ಎಂದು ಹುಡುಕಬೇಕಾಯಿತು. ಪರಿಶೀಲಿಸಲಾಗಿ ಕಂಡುಬಂದದ್ದೇನೆಂದರೆ, ಕಳೆದ ಸಲದ ಶಾಲಾ ನಾಟಕದಲ್ಲಿ ಗುಬ್ಬಿ ಅಂಚೆಯವಳಾಗಿದ್ದಳು. ಒಂದೇ ಮಾತು. ಚೀಲ ಹಾಕಿಕೊಂಡು ಬಂದು ನಿಂತವಳಿಗೆ ಆ ಮಾತು ಮರೆತುಹೋಯಿತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಕಾಗದ ಬಂದಿದೆ, ಆದ್ರೆ ಯಾರಿಗೆ ಅಂತ ಮರ್ತೋಯ್ತು. ನೀವೇ ಯಾರಾದ್ರೂ ಇಟ್ಕೊಳ್ಳಿ" ಎಂದು ಎದುರಿಗಿದ್ದ ರಾಜನ ಕೈಗೆ ಕೊಟ್ಟು ಹೋದಳು. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು.

ಹೊರಗೆ ಬರುತ್ತಿದ್ದಂತೆ ಚೀಲವನ್ನೂ ತೆಗೆಯದೆ ಓಡಿ ಬಂದು, "ಹೇಗಿತ್ತಪ್ಪಾ?" ಎಂದಳು.

ಅರ್ಜಿದಾರನು, "ಏಳೂವರೆ" ಎಂದನು. ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಮಾತು ಮರೆತದ್ದಕ್ಕೆ ಒಂದು, ಶೂ ಲೇಸು ಬಿಚ್ಚಿಹೋಗಿದ್ದಕ್ಕೆ ಅರ್ಧ, ಪ್ರೇಕ್ಷಕರಿಗೆ ಬೆನ್ನು ತೋರಿಸಿದ್ದಕ್ಕೆ ಅರ್ಧ, ಉಳಿದರ್ಧ ನಿಯಮದ ಪ್ರಕಾರ ಎಂದು ಬಸ್ ನಿಲ್ದಾಣದವರೆಗೂ ವಿವರಿಸಿದನು. ಚಪ್ಪಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕುರ್ಚಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಾದ ಕಾರಣ ಅದಕ್ಕೆ ನಿಯಮವಿಲ್ಲ. ಅದೇ ಸಂಜೆ ಟಿವಿಯಲ್ಲಿ ಒಬ್ಬ ನಾಯಕ ಹೆಲಿಕಾಪ್ಟರಿನಿಂದ ಹಾರಿ, ಕಿಟಕಿಯ ಗಾಜು ಒಡೆದು, ಕೂದಲು ಕೆದರದಂತೆ ಎದ್ದು ನಿಂತಾಗ, ಇದೇ ಅರ್ಜಿದಾರನು ಸೋಫಾದಿಂದ ಎದ್ದು ಒಂಬತ್ತೂವರೆ ಕೊಟ್ಟನು.

ಗುಬ್ಬಿ ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ತಲೆಯೆತ್ತದೆ, "ಹಾರೋದು ಅವನಲ್ಲ ಅಪ್ಪಾ, ಅವನ ಬದಲಿಗೆ ಬೇರೆ ಯಾರೋ ಹಾರ್ತಾರೆ. ನಾನು ನಾನೇ ನಿಂತಿದ್ದೆ" ಎಂದಳು. ಅರ್ಜಿದಾರನು ಟಿವಿಯ ಸದ್ದು ಹೆಚ್ಚಿಸಿದ್ದರಿಂದ ಆ ಮಾತು ಸಮಿತಿಯ ಚರ್ಚೆಗೆ ಬರಲಿಲ್ಲ.

6. ಈ ಸಲ ಗುಬ್ಬಿ ಕಡಲತೀರದ ದೀಪಸ್ತಂಭದ ಕಾವಲುಗಾರ್ತಿ. ನಾಟಕ ಮುಗಿಯುವವರೆಗೂ ಎತ್ತರದಲ್ಲಿ ಟಾರ್ಚು ಹಿಡಿದು ನಿಂತಿರಬೇಕು; ಮಾತುಗಳೂ ಜಾಸ್ತಿ. ಮನೆಗೆ ಎರಡೇ ಪಾಸು ಅಂತೆ. ಒಂದು ತಮಗೆ, ಒಂದು ಅಜ್ಜಿಗೆ. ಅರ್ಜಿದಾರನು ಪೇಪರಿನ ಹಿಂದಿನಿಂದ, ತನಗೇನೂ ಅನ್ನಿಸಿಲ್ಲವೆಂಬಂತೆ, "ನಂಗಿಲ್ವಾ?" ಎಂದು ಕೇಳಿದನು.

"ಬರ್ಬೇಡ ಅಂತಲ್ಲ ಅಪ್ಪಾ," ಎಂದಳು ಗುಬ್ಬಿ. "ಹೋದ್ಸಲ ಮಾತು ಮರ್ತಾಗ ನಾನು ನಿನ್ನ ಕಡೆ ನೋಡಿದೆ. ನೀನು ಬೆರಳು ಮಡಚ್ತಾ ಇದ್ದೆ. ಸ್ಟೇಜಿಂದ ಎಲ್ಲಾ ಕಾಣ್ಸುತ್ತೆ."

ಇದಕ್ಕೆ ಅರ್ಜಿದಾರನ ಬಳಿ ಆಕ್ಷೇಪಣೆ ಇರುವುದಿಲ್ಲ. ಆ ಮಾತು ಕೇಳಿದಾಗಿನಿಂದ ಕಾರ್ಖಾನೆಯಲ್ಲಿ ಕೆಲಸ ಕೆಟ್ಟಿದೆ ಎಂಬುದನ್ನು ಮಾತ್ರ ದಾಖಲಿಸಲಾಗಿದೆ. ಕುರ್ಚಿಯ ಮೇಲೆ ಕೂತು ಹತ್ತೂ ಬೆರಳು ಬಿಡಿಸಿ ಹಾಗೇ ಉಳಿದ ಇವನನ್ನು ಕಂಡು, ಮೇಸ್ತ್ರಿ ಬಂದು, "ಏನಯ್ಯ, ಗೋಡೆ ನೋಡ್ತಿದೀಯ?" ಎಂದು ಕೇಳಿದ್ದಾರೆ.

7. ಇನ್ನು ಸ್ಟೂಲಿನ ವಿಚಾರ. ಗುಬ್ಬಿ ಹತ್ತಿ ನಿಲ್ಲಲು ನಮ್ಮ ಮನೆಯ ಸ್ಟೂಲನ್ನೇ ಒಯ್ಯುವುದೆಂದು ತೀರ್ಮಾನವಾಗಿದೆ. ಸದರಿ ಸ್ಟೂಲು ಅರ್ಜಿದಾರನ ಕೈಯಿಂದಲೇ ನಪಾಸಾದದ್ದು. ಒಂದು ಕಾಲು ಗಿಡ್ಡವೆಂದು ಇವನು ಅದಕ್ಕೆ ಕೊಟ್ಟದ್ದು ಐದೂವರೆ. ಅಂದು ಪುಡಿಯಂತ್ರ ಕೆಟ್ಟಿದ್ದರಿಂದ ಮನೆಗೆ ಬಂತು. ಈಗ ಅದರ ಮೇಲೆ ನಿಂತು ಬಲ್ಬು ಹಾಕುತ್ತೇವೆ, ಅತ್ತೆಯವರು ಕಾಲು ಚಾಚುತ್ತಾರೆ, ಗುಬ್ಬಿ ಮಾತು ಒಪ್ಪಿಸುತ್ತಾಳೆ. ಸಮಿತಿಯಲ್ಲಿ ಅದಕ್ಕೆ ಒಂಬತ್ತು ಬಂದಾಗ ಅರ್ಜಿದಾರನು ಹೌಹಾರಿ, "ಕಾರ್ಖಾನೇಲಿ ಇದಕ್ಕೆ ನಾನೇ ಐದೂವರೆ ಕೊಟ್ಟಿದ್ದೆ" ಎಂದದ್ದೂ, ತಾವು "ನೀವು ಕಾಲು ನೋಡಿದ್ರಿ, ನಾವು ರಟ್ಟು ಇಟ್ವಿ" ಎಂದದ್ದೂ ನೆನಪಿರಬಹುದು. ಆಗ ಗುಬ್ಬಿ ಹೇಳಿದ್ದು: "ಹತ್ತಿ ನಿಂತ್ರೆ ಸುಮ್ನೆ ಹಿಡ್ಕೊಂಡಿರುತ್ತೆ. ಏನೂ ಹೇಳಲ್ಲ."

ಈ ಸುಮ್ಮನೆ ಹಿಡಿದುಕೊಂಡಿರುವ ವಿದ್ಯೆಯಲ್ಲಿ ಅರ್ಜಿದಾರನಿಗೆ ಪೂರ್ವಾನುಭವ ಇರುವುದಿಲ್ಲ. ಕಲಿಯಲು ಸಿದ್ಧನಿದ್ದಾನೆ.

8. ಆದ್ದರಿಂದ, ಅಂಕ ಹೆಚ್ಚಿಸಬೇಕೆಂಬ ಮೊದಲ ಕೋರಿಕೆಯನ್ನು ಅರ್ಜಿದಾರನು ಈ ಮೂಲಕ ಹಿಂತೆಗೆದುಕೊಳ್ಳುತ್ತಾನೆ. ಎರಡನೆಯದನ್ನು ಮಾತ್ರ ತಾವು ಸಹಾನುಭೂತಿಯಿಂದ ಪರಿಗಣಿಸಿ, ಕಿರಿಯ ಸದಸ್ಯೆಯ ಒಪ್ಪಿಗೆ ಪಡೆದು, ಇವನನ್ನು ಸ್ಟೂಲಿನ ಸಹಾಯಕನನ್ನಾಗಿ ನೇಮಿಸಬೇಕೆಂದು ಕೋರಿಕೆ. ಕಾರಣ, ಸ್ಟೂಲನ್ನು ಜರುಗಿಸಿದಾಗಲೆಲ್ಲ ರಟ್ಟು ಬೀಳುತ್ತದೆ. ಅದನ್ನು ಹಿಂದಿನ ಎಡಗಾಲಿಗೆ ಇಡಬೇಕು. ನಾಟಕದವರು ಸ್ಟೂಲನ್ನು ತಿರುಗಿಸಿಟ್ಟರೆ ಅದೇ ಮುಂದಿನ ಬಲಗಾಲಾಗುತ್ತದೆ. ಇಂಥ ಸೂಕ್ಷ್ಮಗಳನ್ನು ಬಲ್ಲ ಒಬ್ಬ ಜೊತೆಗಿರುವುದು ಒಳ್ಳೆಯದು. ಪಾಸು ಬೇಕಿಲ್ಲ. ಇವನು ಪರದೆಯ ಹಿಂದೆ, ಸ್ಟೂಲಿನ ಬುಡದಲ್ಲಿ ಕೂರುತ್ತಾನೆ. ಅಲ್ಲಿಂದ ಕಾವಲುಗಾರ್ತಿಯ ಹಿಮ್ಮಡಿ ಮಾತ್ರ ಕಾಣುತ್ತದೆ, ಮತ್ತು ಹಿಮ್ಮಡಿಗೆ ಅಂಕ ಹಾಕುವ ಪದ್ಧತಿ ಕಾರ್ಖಾನೆಯಲ್ಲಿಯೂ ಇಲ್ಲ. ನಾಟಕ ಹೇಗಿತ್ತೆಂದು ಯಾರಾದರೂ ಕೇಳಿದರೆ "ನಾನು ಸ್ಟೂಲಿನ ಕಡೆಯವನು" ಎಂದಷ್ಟೇ ಹೇಳತಕ್ಕದ್ದೆಂದು ತೀರ್ಮಾನಿಸಿದ್ದಾನೆ.

ತಮ್ಮ ವಿಶ್ವಾಸಿಯೂ, ಮ್ಯಾಟಿನ ನಂತರದ ಸ್ಥಾನದಲ್ಲಿರುವವನೂ ಆದ,
ಅರ್ಜಿದಾರ

ಲಗತ್ತುಗಳು:
1. ಟೂತ್‌ಪೇಸ್ಟ್ ಡಬ್ಬಿಯ ರಟ್ಟು, ಮಡಚಿದ್ದು.
2. ಅದು ಕಳೆದುಹೋದಲ್ಲಿ, ಇನ್ನೊಂದು.
3. ಅರ್ಜಿದಾರನ ಎರಡೂ ಕೈ (ಸದ್ಯ ಅರ್ಜಿದಾರನಿಗೇ ಜೋಡಿಸಲಾಗಿದೆ, ಶನಿವಾರ ಹಾಜರುಪಡಿಸಲಾಗುವುದು).

ಪ್ರತಿ: ಗುಬ್ಬಿಗೆ, ಮಾಹಿತಿಗಾಗಿ ಮತ್ತು ಒಪ್ಪಿಗೆಗಾಗಿ.

ಕಡೆಯ ಕೋರಿಕೆ: ರಂಗದ ಮೇಲೆ ರಟ್ಟು ಚೆನ್ನಾಗಿ ಕಾಣುವುದಿಲ್ಲವೆಂದು ಶಾಲೆಯವರು ತಕರಾರು ಮಾಡಿದಲ್ಲಿ, ಲಗತ್ತು 3ನ್ನು ಆ ಗಿಡ್ಡ ಕಾಲಿನ ಕೆಳಗೆ ಇಡಲು ಅನುಮತಿ ನೀಡಬೇಕು. ಬೆರಳುಗಳೆಲ್ಲ ಅಲ್ಲಿ ಒತ್ತಿಕೊಂಡಿರುವುದರಿಂದ ಮಡಚಲು ಬರುವುದಿಲ್ಲ. ಅರ್ಜಿದಾರನಿಗೆ ನೋಯುತ್ತದೆಂದು ನಾಟಕವನ್ನು ಬೇಗ ಮುಗಿಸಬೇಕಾಗಿಲ್ಲ. ಮಾತು ಮರೆತರೆ, ಗುಬ್ಬಿ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ನಿಂತಿರಬಹುದು.