ಎರಡು ಮೈಲಿನ ದುರಸ್ತಿ

ಕೈಗೆ ಪಾನಾ ಸಿಕ್ಕ ಮನುಷ್ಯ ಸುಮ್ಮನೆ ಕೂಡುವ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಪರರನ್ನು ನೋಡಿ ನಾನು ಈ ಮಾತು ಹೇಳುತ್ತಿಲ್ಲ. ಚಿತ್ತಾಪುರದಲ್ಲಿ ಕಂದಾಯದ ಗಿರದಾವರನಾಗಿ ಹಳ್ಳಿ ಹಳ್ಳಿ ತಿರುಗುತ್ತಿದ್ದ ಕಾಲದಲ್ಲಿ, ವಾಡಿಯಿಂದ ವರ್ಗವಾಗಿ ಹೋಗುತ್ತಿದ್ದ ರೈಲ್ವೆ ಸಾಹೇಬರೊಬ್ಬರಿಂದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡೆ; ನಮ್ಮ ಕಡೆ ಅದಕ್ಕೆ ಫಟಫಟಿ ಎನ್ನುತ್ತಾರೆ. ಅದರ ಜೊತೆಗೆ ತಗಡಿನ ಪೆಟ್ಟಿಗೆಯ ತುಂಬ ನಟ್ಟು ಬಿಚ್ಚುವ ಪಾನಾಗಳೂ ಬಂದವು. ಫಟಫಟಿಯಿಂದ ನನಗೆ ತೊಂದರೆಯಾಗಲಿಲ್ಲ. ಆದದ್ದೆಲ್ಲ ಆ ಪೆಟ್ಟಿಗೆಯಿಂದ.

ಅದಕ್ಕೂ ಮುಂಚೆ ನನ್ನ ಬಳಿ ಒಂದು ಕುದುರೆಯಿತ್ತು. ಸರ್ಕಾರಿ ನೌಕರರೆಂದರೆ ಅದಕ್ಕೇನೋ ಹಳೆಯ ಹಗೆ. ಎರಡು ಸಲ ನನ್ನನ್ನು ಕಚ್ಚಿತು. ಒಂದು ಸಲ ಗುಂಡಗುರ್ತಿಯಲ್ಲಿ, ಊರ ಹಿರಿಯರೆಲ್ಲ ನಮಸ್ಕಾರಕ್ಕೆ ಕೈಯೆತ್ತಿದ ಹೊತ್ತಿಗೇ ಕೆಡವಿತು. ಫಟಫಟಿಯೂ ಕಾಲು ಸುಡುತ್ತದೆ, ನಿಜ. ಆದರೆ ಅದರಲ್ಲಿ ದುರುದ್ದೇಶವಿರುವುದಿಲ್ಲ.

ದುರಸ್ತಿಯ ವಿಷಯದಲ್ಲಿ ನಾನೊಂದು ಕಾಯಿದೆ ಮಾಡಿಕೊಂಡಿದ್ದೆ. ಎಣ್ಣೆ ಬಿಡುವುದು, ಚೈನು ಬಿಗಿಯುವುದು, ಪ್ಲಗ್ಗು ಒರೆಸುವುದು ನನ್ನ ಅಧಿಕಾರಕ್ಕೆ ಸೇರಿದ್ದು; ಎಂಜಿನ್ನಿನ ಹೊಟ್ಟೆಯೊಳಗಿನದೆಲ್ಲ ವಾಡಿಯ ಮೌಲಾಸಾಬ ಮಿಸ್ತ್ರಿಯದು. ಸುತ್ತಲಿನ ಹಿಟ್ಟಿನ ಗಿರಣಿಗಳೆಲ್ಲ ಆ ಮುದುಕನ ಕೈಗುಣದಿಂದಲೇ ತಿರುಗುತ್ತಿದ್ದವು. ಕಾಯಿದೆ ಒಳ್ಳೆಯದೇ ಆಗಿತ್ತು. ಮೀರಿದವನು ಮಾತ್ರ ಅದನ್ನು ಬರೆದವನೇ.

ಆ ವರ್ಷ ದಸರೆಯ ಖಂಡೆಪೂಜೆಯ ದಿನ ನಮ್ಮ ಮನೆಯಾಕೆ ಫಟಫಟಿಯ ಮೈತೊಳೆದು, ಪೆಟ್ರೋಲ್ ಟಾಕಿಯ ನೆತ್ತಿಗೆ ವಿಭೂತಿ ಬಳಿದು, ಕಾಯಿ ಒಡೆದು ಆರತಿ ಎತ್ತಿದಳು. ಅಲ್ಲಿಂದ ಮುಂದೆ ಅದು ಒಂದು ಚಾಳಿ ಕಲಿಯಿತು: ಎರಡು ಮೈಲು ಓಡಿ ನಿಂತುಬಿಡುವುದು. ನಾನು ಇಳಿದು, ಟಾಕಿಯ ಮುಚ್ಚಳ ತೆಗೆದು, ಜೋಳದ ದಂಟು ಅದ್ದಿ ಪೆಟ್ರೋಲ್ ಇದೆಯೆಂದು ಖಾತ್ರಿ ಮಾಡಿಕೊಂಡು, ಪಾನಾ ಕೈಗೆ ತೆಗೆದುಕೊಳ್ಳುತ್ತಿದ್ದೆ. ಮೊದಲ ದಿನ ಪ್ಲಗ್ಗು ಒರೆಸಿದೆ. ಎರಡು ಮೈಲು ಓಡಿತು. ಆಮೇಲೆ ಚೈನು ಬಿಗಿದೆ, ಮತ್ತೆರಡು ಮೈಲು. ಕಾಯಿದೆ ಮೀರಿ ಎಂಜಿನ್ನಿನ ಹೊಟ್ಟೆಯನ್ನೂ ಬಿಚ್ಚಿ ಜೋಡಿಸಿದೆ, ಆಗಲೂ ಎರಡೇ ಮೈಲು. ಒಮ್ಮೆ ಬೇಸತ್ತು ಹಿಂದಿನ ಗಾಲಿಗೆ ಒದ್ದೆ. ಅದಕ್ಕೂ ಎರಡು ಮೈಲಿನ ಫಲ ದೊರೆಯಿತು. ನನ್ನ ಯಾವ ದುರಸ್ತಿಯೂ ವ್ಯರ್ಥವಾಗುತ್ತಿರಲಿಲ್ಲ. ಯಾವುದೂ ಮೂರನೆಯ ಮೈಲು ಕಾಣುತ್ತಿರಲಿಲ್ಲ.

“ದೃಷ್ಟಿ ಆಗ್ಯಾದ್ರಿ ಅದಕ್ಕ. ಮಂದಿ ಬಾಯಿ ತಕ್ಕೊಂಡು ನೋಡ್ತಾರ,” ಎಂದು ಮನೆಯಾಕೆ ಪ್ರತಿ ಸೋಮವಾರವೂ ವಿಭೂತಿಯ ಹೊಸ ಪದರು ಬಳಿಯತೊಡಗಿದಳು.

ಕೊನೆಗೆ ತಹಸೀಲ್ದಾರ ಸಾಹೇಬರು ದಂಡೋತಿಯಲ್ಲಿ ಹಾಕಿದ್ದ ಕ್ಯಾಂಪಿಗೆ ನಾನು ಎರಡೆರಡು ಮೈಲಿಗೊಮ್ಮೆ ಇಳಿದು ದುರಸ್ತಿ ಮಾಡುತ್ತ ಹೋಗಿ ಮುಟ್ಟಿದಾಗ ಡೇರೆ ಬಿಚ್ಚುತ್ತಿದ್ದರು. ಸಾಹೇಬರು ಸಿಟ್ಟಾಗಲಿಲ್ಲ. ಮುಂದಿನ ಗುರುವಾರವೂ ಕ್ಯಾಂಪ್ ಇಲ್ಲೇ, ಆ ದಿನವೂ ತಡವಾದರೆ ಇದನ್ನು ಮಾರಿ ಕುದುರೆ ಕೊಳ್ಳಿ ಎಂದು ಮೃದುವಾದ ಉರ್ದುವಿನಲ್ಲಿ ಹೇಳಿದರು. ತಮಗೆ ಗೊತ್ತಿರುವ ಒಂದು ಕುದುರೆಯೂ ಇದೆಯಂತೆ. ಸ್ವಲ್ಪ ಕೋಪಿಷ್ಠ, ಅಷ್ಟೇ.

ಬುಧವಾರ ಮುಂಜಾನೆಯೇ ವಾಡಿಯ ದಾರಿ ಹಿಡಿದೆ. ಎರಡನೆಯ ಮೈಲಿಗೆ ಪದ್ಧತಿಯಂತೆ ನಿಂತಿತು. ಹಿಂದಿನಿಂದ ಬಂಡಿ ಹೊಡೆದುಕೊಂಡು ಬಂದ ರೈತನೊಬ್ಬ ಎತ್ತುಗಳನ್ನು ತಡೆದು ಕೇಳಿದ: “ಮೆಲುಕು ಹಾಕ್ಲಿಕತ್ತದೇನ್ರಿ ಸಾಹೇಬ್ರ?”

ಮಿಸ್ತ್ರಿ ನನ್ನ ಕಥೆಯನ್ನೆಲ್ಲ ಬೀಡಿ ಸೇದುತ್ತ ಕೇಳಿದರು. ಫಟಫಟಿಯನ್ನು ಮುಟ್ಟಲಿಲ್ಲ.

“ನಿಂತ ಕೂಡ್ಲೆ ಮೊದಲ ಏನ್ ಮಾಡ್ತೀರಿ ಸಾಹೇಬ್ರ?”

“ಟಾಕಿ ಮುಚ್ಚಳ ತಗದು ನೋಡ್ತೀನಿ. ಆಮ್ಯಾಲೆ ಪ್ಲಗ್ಗು...”

“ಪ್ಲಗ್ಗು ಇರ್ಲಿ ಬಿಡ್ರಿ. ಮುಚ್ಚಳ ತಗದಾಗ ಸುಂಯ್ ಅಂತದೇನು?”

“ಅಂತದ. ಪಾಪ, ನಿಟ್ಟುಸಿರು ಬಿಡ್ತದ ಅಂದ್ಕೊಂಡಿದ್ದೆ.”

“ಬಿಡಾದಲ್ರಿ, ತಗೊಳ್ಳಾದು. ಚಿಮಣಿ ಎಣ್ಣಿ ಡಬ್ಬಿಗಿ ಎರಡು ತೂತ ಯಾಕ ಹೊಡೀತಾರ? ಒಂದರಾಗ ಗಾಳಿ ಹೋದ್ರ ಇನ್ನೊಂದರಾಗ ಎಣ್ಣಿ ಬರ್ತದ. ಈ ಮುಚ್ಚಳದಾಗೂ ಸೂಜಿಯಷ್ಟು ತೂತ ಅದ. ವಿಭೂತಿ ಹಚ್ಚಿ ಹಚ್ಚಿ ಅದರ ಮೂಗು ಮುಚ್ಚೀರಿ. ನೀವು ಮುಚ್ಚಳ ತಗದಾಗ ಉಸಿರು ತಗೊಂತದ, ಎರಡು ಮೈಲು ಓಡ್ತದ.”

ನನ್ನ ಇಷ್ಟು ದಿನದ ವಿದ್ಯೆಯೆಲ್ಲ ಆ ಒಂದು ತೂತಿನಲ್ಲಿ ಹೋಯಿತು. ಆದರೂ ಕುದುರೆ ತಪ್ಪಿತೆಂಬ ಸುಖಕ್ಕೆ ಕಣ್ಣು ತೇವವಾಯಿತು. “ಹಂಗಾದ್ರ ಒರಸಿ ಬಿಡ್ರಿ ಮಿಸ್ತ್ರಿ,” ಎಂದೆ.

ಮಿಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದರು. “ಅದು ನನ್ನ ಕೆಲಸ ಅಲ್ರಿ. ನಿಮ್ಮ ಮನ್ಯಾಗಿನ ತಂಗಿ ಭಕ್ತಿಲೆ ಹಚ್ಚ್ಯಾಳ. ನಾಳೆ ಎಲ್ಲೆರ ಬಿದ್ರಿ ಅಂದ್ರ, ಮೌಲಾಸಾಬ ಒರಸಿದ್ದ ಅಂತಾರ. ಎಂಜಿನ್ ಬಿಚ್ಚಂದ್ರಿ ಬಿಚ್ತೀನಿ. ಇದೊಂದು ನೀವೇ ಮಾಡ್ರಿ.”

ಹೀಗೆ ಸ್ವತಃ ಮಾಡಲೇಬೇಕಾದ ದುರಸ್ತಿ ಯಾವುದೆಂಬುದು ನನಗೆ ತಿಳಿಯಿತು. ಆದರೆ ವಿಭೂತಿಯನ್ನು ನೆಲಕ್ಕೆ ಉದುರಿಸುವಂತಿಲ್ಲ. ಕೆರೆದದ್ದನ್ನು ಹಣೆಗೆ ಹಚ್ಚಿಕೊಂಡೆ. ಅಷ್ಟು ಸೋಮವಾರಗಳಿಗೆ ನನ್ನ ಹಣೆ ಸಾಲಲಿಲ್ಲ. ತೋಳಿಗೂ ಕೊರಳಿಗೂ ಬಳಿದುಕೊಂಡೆ. ಮಿಸ್ತ್ರಿ ಸೂಜಿ ಕೊಟ್ಟರು; ಚುಚ್ಚಿದೆ. ವಾಡಿಯಿಂದ ಮನೆಯವರೆಗೆ ಫಟಫಟಿ ಎಲ್ಲಿಯೂ ನಿಲ್ಲಲಿಲ್ಲ. ಅದೇ ಬಂಡಿಯ ರೈತ ದಾರಿಯಲ್ಲಿ ಮತ್ತೆ ಸಿಕ್ಕು, “ಈಗ ನಿಂದ್ರಂಗಿಲ್ಲೇನ್ರಿ?” ಎಂದ. ಅವನ ದನಿಯಲ್ಲಿ ನಿರಾಸೆಯಿತ್ತು.

ಗುರುವಾರ ಡೇರೆ ಹಾಕುವ ಮುಂಚೆಯೇ ದಂಡೋತಿಯಲ್ಲಿದ್ದೆ. ದುರಸ್ತಿ ಯಾರು ಮಾಡಿದರೆಂದು ತಹಸೀಲ್ದಾರ ಸಾಹೇಬರು ಕೇಳಿದರು. ನಾನೇ ಎಂದೆ. ಸರ್ಕಾರಿ ನೌಕರಿಯಲ್ಲಿ ಅಷ್ಟು ಅಪ್ಪಟ ಸತ್ಯವನ್ನು ನಾನು ಬೇರೆಂದೂ ಹೇಳಿದ ನೆನಪಿಲ್ಲ.

ಮನೆಯಾಕೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಬೇಜಾರಾಗಲಿಲ್ಲ. “ತೂತ ಎಲ್ಲದ ಅಂತ ಮೊದಲೇ ಹೇಳಬಾರದೇನ್ರಿ? ನಿಮಗ ಬಿಚ್ಚಾಕ ಬರ್ತದ, ನೋಡಾಕ ಬರಂಗಿಲ್ಲ,” ಎಂದಳು. ಮುಂದಿನ ಸೋಮವಾರ ಫಟಫಟಿಯ ದೀಪದ ಮೇಲೆ ಮೂರು ಸಣ್ಣ ಗೆರೆ ಎಳೆದಳು. ಉಳಿದ ವಿಭೂತಿಯನ್ನೆಲ್ಲ ನನ್ನ ಪಾನಾ ಪೆಟ್ಟಿಗೆಯ ಮುಚ್ಚಳಕ್ಕೂ ಮೈಗೂ ಸೇರಿಸಿ, ಸಂದು ಕಾಣದಂತೆ ದಪ್ಪಗೆ ಬಳಿದಳು. ತೆರೆದರೆ ಗೆರೆ ಒಡೆಯುತ್ತದೆ, ಒಡೆದರೆ ಸಿಕ್ಕಿಬೀಳುತ್ತೇನೆ. ತಹಸೀಲು ಕಚೇರಿಯ ಅರಗಿನ ಮುದ್ರೆಗೂ ಆ ಭದ್ರತೆಯಿಲ್ಲ.

ಅಂದಿನಿಂದ ಫಟಫಟಿ ಒಮ್ಮೆಯೂ ನಿಂತಿಲ್ಲ. ವಿಭೂತಿಗೆ ಶಕ್ತಿಯಿಲ್ಲವೆಂದು ನಾನು ಎಲ್ಲಿಯೂ ವಾದಿಸುವುದಿಲ್ಲ. ಹಚ್ಚುವ ಜಾಗ ಸರಿಯಿರಬೇಕು, ಅಷ್ಟೇ.