ಟ್ರೌಟ್ ಮೀನಿನ ಸಂತಾನ ವಿಚಾರ

ಆ ದಿನ ಊಟದ ಮೇಜಿನಲ್ಲಿ ಮೀನಿನ ಮಾತು ತೆಗೆದದ್ದು ನಾನೇ ಇರಬಹುದು. ಊಟಕ್ಕೆ ಕರೆದ ಶಾಂತಾ ಆಂಟಿಯೇ ಅದನ್ನು ಕೇಳಿದರೆಂದು ನನ್ನ ನೆನಪು. “ನೀವೇ ಎಳ್ಕೊಂಡು ಬಂದ್ರಿ” ಎಂದು ಹೆಂಡತಿ ಸುಮಾಳ ವಾದ. ನಡೆದು ಇನ್ನೂ ವಾರವಾಗಿಲ್ಲ, ಆಗಲೇ ಎರಡು ಕಥೆ. ಗಾಬರಿಯಲ್ಲಿ ಮಾಡಿದ ಸಾರಿನಂತೆ ಗಾಬರಿಯ ನೆನಪೂ. ಉಪ್ಪು ಎರಡು ಸಲ ಬಿತ್ತೋ, ಬೀಳಲೇ ಇಲ್ಲವೋ ಹೇಳುವುದು ಕಷ್ಟ.

ನಮ್ಮ ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಇಬ್ಬರೂ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶಕ್ಕೆ ಕಾಯುತ್ತಿರುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಹೀಗಿರುವವರು ಇಲ್ಲಿ ಅಮೆರಿಕದಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋಗಬಾರದು. ಆದರೆ ಎಲಿಕಾಟ್ ಸಿಟಿಯ ಶಾಂತಾ ಆಂಟಿ ಧಾರವಾಡದವರು, ಜೋಳದ ರೊಟ್ಟಿ ಬಡಿಯುತ್ತಾರೆ, ಹೋದೆವು. ರೊಟ್ಟಿಗೆ ಬೆಣ್ಣೆ ಹಾಕುತ್ತ ಆಂಟಿ, “ಏನಪಾ, ನಿಮ್ಮ ಮದುವಿ ಆಗಿ ಈಗ...” ಎಂದರು. ಆಗ, ಸುಮಾಳ ಪ್ರಕಾರ, ನಾನು ಹಾರಿ ಬಿದ್ದು, “ಆಂಟಿ, ನನ್ನ ರಿಸರ್ಚ್ ಏನು ಅಂತ ನಿಮಗೆ ಹೇಳೇ ಇಲ್ವಲ್ಲ!” ಎಂದೆ. ಜರ್ಮನ್‌ಟೌನಿನ ಲ್ಯಾಬಿನಲ್ಲಿ ನಾನು ನೋಡುವುದು ಮೀನಿನ ರೋಗಗಳನ್ನು. ಕಿವಿರಿನ ಬೂಷ್ಟು, ಈಜುರೆಕ್ಕೆ ಕೊಳೆಯುವುದು, ಹೇಳಲು ಎಷ್ಟೊಂದಿತ್ತು. ಬಾಯಿಗೆ ಬಂದದ್ದು ಮಾತ್ರ ಹಿಂದೆ ಇಂಗ್ಲೆಂಡಿನಲ್ಲಿ ಓದುವಾಗಿನ ವಿಷಯ: ರೇನ್‌ಬೋ ಟ್ರೌಟ್ ಅಮೆರಿಕದ ಮೀನು, ನೂರು ವರ್ಷಕ್ಕೂ ಹಿಂದೆ ಅಲ್ಲಿಗೆ ಒಯ್ದರು, ಇಂದಿಗೂ ಹೊಳೆಗೆ ಬಿಡುತ್ತಲೇ ಇದ್ದಾರೆ, ದುಂಡಗೆ ಬೆಳೆಯುತ್ತದೆ, ಆದರೆ ಕೆಲವೇ ಹೊಳೆಗಳನ್ನು ಬಿಟ್ಟರೆ ಎಲ್ಲೂ ಸಂತಾನ ನಿಲ್ಲುವುದಿಲ್ಲ.

“ನಾವು ತಿನ್ನಲಾರದ ಮೀನಿನ ಚಿಂತಿ ನಿನಗ್ಯಾಕಪಾ,” ಎಂದರೂ ಆಂಟಿ ಲಟ್ಟಣಿಗೆಯಂತಹ ತೋಳು ಮೇಜಿಗೂರಿ ಕುಳಿತೇಬಿಟ್ಟರು. “ಊಟಕ್ಕೇನು ಕಡಿಮಿ ಅವಕ್ಕ?”

“ಚೆನ್ನಾಗೇ ತಿಂತಾವೆ ಆಂಟಿ.”

“ಮತ್ತ? ಹೆಣ್ಣಿಂದು ದೋಷೋ, ಗಂಡಿಂದೋ?”

ರೊಟ್ಟಿ ಮುರಿಯುತ್ತಿದ್ದ ಸುಮಾಳ ಕೈ ನಿಂತಿತು. ದೋಷ ನೀರಿನದೇ ಇರಬಹುದೆಂದೆ. ಸಾಕಣೆಯಲ್ಲಿ ಬೆಳೆದ ಮೀನಿಗೆ ಮೊಟ್ಟೆಯಿಡುವ ಕಾಲ ತಪ್ಪಿರಬಹುದು, ರೋಗವಿರಬಹುದು, ಅಲ್ಲಿಯದೇ ಮೀನುಗಳ ಪೈಪೋಟಿಯಿರಬಹುದು ಎಂದು ಒಂದೇ ಉಸಿರಿನಲ್ಲಿ ಒದರಿದೆ. “ಟೆಸ್ಟ್ ಮಾಡಿಸ್ಯಾರಿಲ್ಲೋ?” ಎಂದರು ಆಂಟಿ. “ಮಾಡಿಸಿದೀವಿ, ರಿಸಲ್ಟ್ ಬಂದಿಲ್ಲ,” ಎಂದೆ. ಇದು ಮೀನಿನ ವಿಷಯವಾಗಿರಲಿಲ್ಲ.

ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ನೇಹಾ ಟೀವಿಯಿಂದ ಕಣ್ಣು ತೆಗೆಯದೆ, “ಮಾಮ್, ಮೇಬಿ ದೆ ಡೋಂಟ್ ವಾಂಟ್ ಟು. ಪಾಪ, ಮೀನು ಬಿಟ್ಟುಬಿಡು,” ಎಂದಳು.

“ಬೇಕು ಅಂತ ಇದೆ ನೇಹಾ,” ಎಂದಳು ಸುಮಾ. “ತುಂಬಾ ಬೇಕು ಅಂತ ಇದೆ.” ತುಸು ತಡೆದು, “ಮೀನಿಗೆ,” ಎಂದು ಸೇರಿಸಿದಳು.

ಆಂಟಿ ಎದ್ದು ಒಳಗೆ ಹೋಗಿ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಬಟ್ಟೆ ತಂದರು. ಸುಮಾಳಿಗೆ ಸೆರಗು ಒಡ್ಡಲು ಹೇಳಿ ಉಡಿ ತುಂಬಿದರು. ಆಮೇಲೆ ಇನ್ನೊಂದು ಹಿಡಿ ಅಕ್ಕಿ ಹಾಕಿ, ನನ್ನತ್ತ ತಿರುಗಿ, “ಇದು ನಿನ್ನ ಮೀನಿಗಪಾ,” ಎಂದರು. ನಗಲಿಲ್ಲ. ಅವರಿಗೆ ಎಲ್ಲ ತಿಳಿದುಬಿಟ್ಟಿತೇ, ಅಥವಾ ನಿಜವಾಗಿಯೂ ಆ ಮೀನುಗಳ ಮೇಲೆ ಕನಿಕರ ಬಂದಿತೇ? ಕಾರಿನಲ್ಲಿ ಸುಮಾಳನ್ನು ಕೇಳಿದೆ. ಅವಳು ಉಡಿಯನ್ನು ಎರಡು ಕೈಯಲ್ಲೂ ಹಿಡಿದು ಕುಳಿತಿದ್ದಳು. “ಮೆಲ್ಲಗೆ ಓಡಿಸ್ರಿ, ಚೆಲ್ಲತ್ತೆ,” ಎಂದಳು, ಅಷ್ಟೆ.

ನಾಳೆ ಕ್ಲಿನಿಕ್ಕಿನಿಂದ ಫೋನ್ ಬರುತ್ತದೆ. ಬ್ರಿಟನ್ನಿನ ಹೊಳೆಗಳಲ್ಲಿ ಆ ಮೀನಿನ ಸಂಸಾರ ಯಾಕೆ ಕೂಡಿಬರುವುದಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ನಾಲ್ಕಾರು ಕಾರಣಗಳಿವೆ, ಅಂದರೆ ನಿಜವಾದ ಕಾರಣ ಗೊತ್ತಿಲ್ಲ. ಮೀನಿನ ವಿಷಯದಲ್ಲಿ ಗೊತ್ತಿಲ್ಲ ಎಂದರೂ ಸಂಬಳ ಕೊಡುತ್ತಾರೆ. ಮನೆಯಲ್ಲಿ ನಾಳೆ ಯಾವ ಮುಖ ಹೊತ್ತು ಏನು ಹೇಳಬೇಕೋ, ಅದೂ ಗೊತ್ತಿಲ್ಲ.