ತಲೆಯ ಮೇಲಿನ ಸ್ವಾತಂತ್ರ್ಯ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಮೇಲಧಿಕಾರಿಗೆ ಹೆದರುತ್ತಾರೆ. ನಾನು ಹೆದರುವುದು ‘ನಿಮ್ಮ ಮರ್ಜಿ’ ಎಂಬ ಮಾತಿಗೆ. ನಮ್ಮ ಲಿಂಗಸುಗೂರಿನಲ್ಲಿ ಬಸ್ಸು ನಿಲ್ಲುವ ಕಡೆ ಈಗೊಂದು ಹೋಟೆಲಾಗಿದೆ. ಕುಳಿತ ತಕ್ಷಣ ಮಾಣಿ ಬಂದು ಉಪ್ಪಿಟ್ಟು, ಸಿರಾ, ಭಜಿ ಎಂದು ಒಂದೇ ಉಸಿರಿನಲ್ಲಿ ಹೇಳಿ ನನ್ನ ಮುಖ ನೋಡುತ್ತಾನೆ. ನನಗೆ ಬೆವರು ಕಿತ್ತುಕೊಳ್ಳುತ್ತದೆ. “ಬಾಜೂದವರು ಏನ್ ತಿನ್ನಾಕತ್ತಾರ, ಅದನ್ನ ಕೊಡಪಾ” ಎಂದು ಪಾರಾಗುತ್ತೇನೆ. ಮೊದಲು ಅದೇ ಜಾಗದಲ್ಲೊಂದು ಖಾನಾವಳಿ ಇತ್ತು. ಅವರು ಮಾಡಿದ್ದನ್ನು ಬಡಿಸುತ್ತಿದ್ದರು, ನಾವು ಬಡಿಸಿದ್ದನ್ನು ಉಣ್ಣುತ್ತಿದ್ದೆವು. ಅನ್ನಕ್ಕೂ ಸಮಾಧಾನ, ಹೊಟ್ಟೆಗೂ ಸಮಾಧಾನ.

ನಾನು ಕಚೇರಿಯ ಗುಮಾಸ್ತ. ನಿಜಾಮರ ಕಾಲದಲ್ಲಿ ನಮಗೆ ಗಂಟಲವರೆಗೆ ಗುಂಡಿ ಹಾಕಿದ ಶೇರ್ವಾನಿ, ತಲೆಗೆ ಕರಿ ಗೊಂಡೆಯ ಕೆಂಪು ರೂಮಿ ಟೋಪಿ. ಬರಿದಲೆಯಲ್ಲಿ ಕಚೇರಿಯ ಹೊಸ್ತಿಲು ದಾಟುವಂತಿರಲಿಲ್ಲ. ಬೇಸಿಗೆಯಲ್ಲಿ ಆ ಟೋಪಿಯೊಳಗೆ ತಲೆ ಗೆಣಸಿನಂತೆ ಬೇಯುತ್ತಿತ್ತು. ದಿನಾ ಬೈದುಕೊಳ್ಳುತ್ತಲೇ ಹಾಕಿಕೊಳ್ಳುತ್ತಿದ್ದೆ. ಆದರೆ ಬೆಳಿಗ್ಗೆ ಎದ್ದು ‘ಇವತ್ತು ತಲೆಗೆ ಏನು?’ ಎಂದು ಒಂದು ದಿನವೂ ಚಿಂತಿಸಿದವನಲ್ಲ. ನಲವತ್ತೆಂಟರಲ್ಲಿ ರಾಜ್ಯ ಕೈಬದಲಾಯಿತು. ಹೊಸ ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, “ಇನ್ ಮ್ಯಾಲ ತಲಿಗೆ ಏನ್ ಬೇಕಾದ್ರೂ ಹಾಕ್ಕೊಂಡ್ ಬರ್ರಿ, ಬಿಟ್ರ ಬಿಡ್ರಿ. ನಿಮ್ಮ ಮರ್ಜಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪ, ನಾನೂ ತಟ್ಟಿದೆ!

ಮನೆಗೆ ಬಂದು ಸುದ್ದಿ ಹೇಳಿದ್ದೇ ತಡ, ಅವ್ವ ರೂಮಿ ಟೋಪಿಯನ್ನು ಇಸಿದುಕೊಂಡು ಅದರಲ್ಲಿ ಬೆಳ್ಳುಳ್ಳಿ ತುಂಬಿ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದಳು. ಅಪ್ಪ ತಾನು ತಲೆಗೆ ಸುತ್ತುತ್ತಿದ್ದ ಹಳೆಯ ರುಮಾಲು ತಂದು ಮುಂದಿಟ್ಟ. ಕಚೇರಿಯ ಗೆಳೆಯರು ಬಿಳಿ ಟೊಪ್ಪಿಗೆ ಕೊಡಿಸಿದರು. ಎರಡೂ ಬೇಡ, ಕ್ರಾಪು ಬಿಟ್ಟು ಗಾಳಿಗೆ ತಿರುಗೋಣವೆಂದರೆ ಅಪ್ಪ, “ಬರೇ ತಲೀಲೆ ತಿರಗಾಕ ಮನ್ಯಾಗ ಯಾರ್ ಸತ್ತಾರಲೇ?” ಎಂದು ಗದರಿದ. ದಿನಕ್ಕೊಂದು ತಲೆಯಾಯಿತು ನನ್ನದು. ನಮ್ಮ ಹಿರಿಯ ಮುನ್ಷಿ ಸಾಹೇಬರು ಮಾತ್ರ, “ಮ್ಯಾಲಿಂದು ಹೋಗ್ಲಿ ಬಿಡ್ರಿ, ಒಳಗಿಂದು ಜಾಗಾದಾಗ ಐತೇನು ನೋಡ್ಕೋರಿ” ಎಂದು ನಕ್ಕರು.

ಅಷ್ಟರಲ್ಲಿ ಮಸ್ಕಿಯಿಂದ ಹೆಣ್ಣಿನ ಪ್ರಸ್ತಾಪ ಬಂತು. ಅದಕ್ಕೆ ಮೊದಲು ನೋಡಿದ ಹೆಣ್ಣಿನ ಮನೆಯವರು ನನ್ನನ್ನು ಒಲ್ಲೆವೆಂದಿದ್ದರು. ಇದೂ ತಪ್ಪಿದರೆ ಬ್ರಹ್ಮಚಾರಿಯಾಗಿಯೇ ಪಿಂಚಣಿ ತಿನ್ನಬೇಕೆಂದು ಅವ್ವ ಕಣ್ಣೀರಿಟ್ಟಿದ್ದಳು. ಹುಡುಗಿ ಗಂಗಾ ಕನ್ನಡ ಓದಿ ಬರೆಯುತ್ತಾಳೆಂದು ಕೇಳಿ ನನಗೂ ಆಸೆ ಹುಟ್ಟಿತ್ತು. ತೊಡಕು ಏನೆಂದರೆ, ಆ ಮನೆಯ ಹಿರಿಯ, ಹುಡುಗಿಯ ಅಜ್ಜ ಮುತ್ಯಾ ರುಮಾಲಿಲ್ಲದವರನ್ನು ಗಂಡಸರೆಂದೇ ಎಣಿಸುತ್ತಿರಲಿಲ್ಲ. ಹುಡುಗಿಯ ಕಾಕಾ ಬಿಳಿ ಟೊಪ್ಪಿಗೆಯಿಲ್ಲದವರನ್ನು ದೇಶಭಕ್ತರೆಂದು ಒಪ್ಪುತ್ತಿರಲಿಲ್ಲ. ಮಸ್ಕಿಯ ಬಸ್ಸಿನಲ್ಲಿ ಅಪ್ಪನ ಪಕ್ಕ ಕುಳಿತು ಯೋಚಿಸಿ ಯೋಚಿಸಿ, ಕೊನೆಗೆ ಟೊಪ್ಪಿಗೆ ಹಾಕಿಕೊಂಡು ಅದರ ಮೇಲೆ ರುಮಾಲು ಸುತ್ತಿಕೊಂಡೆ. ಆಗ ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಅಪ್ಪ ಹಣೆ ಬಡಿದುಕೊಂಡದ್ದೂ ಕಾಣಲಿಲ್ಲ.

ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಮುತ್ಯಾ ನನ್ನ ರುಮಾಲು ನೋಡಿ, “ಹ್ಞಾಂ, ಇದಪಾ ಗಂಡಸಿನ ಲಕ್ಷಣ!” ಎಂದು ಎಲೆ ಅಡಿಕೆ ಉಗುಳಲು ಹೊರಗೆ ಹೋದ. ಅದೇ ಹೊತ್ತಿಗೆ ಹಿತ್ತಲಿನಿಂದ ಕಾಕಾ ಬರುವುದು ಕಾಣಿಸಿತು. ಸುತ್ತಿದ್ದ ರುಮಾಲನ್ನು ಗಡಿಗೆಯ ಮುಚ್ಚಳದಂತೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. “ಭೇಷ್! ಹೊಸ ಕಾಲದ ಹುಡುಗ!” ಎಂದ ಕಾಕಾ. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಮುತ್ಯಾ ತಿರುಗಿ ಬಂದ.

“ತಮ್ಮಾ, ರುಮಾಲ ಎಲ್ಲಿ ಹೋತು?”

ಗಾಬರಿಯಲ್ಲಿ ಟೊಪ್ಪಿಗೆ ತೆಗೆದೆ. ಒಂದು ಕೈಯಲ್ಲಿ ಟೊಪ್ಪಿಗೆ, ಇನ್ನೊಂದರಲ್ಲಿ ರುಮಾಲು, ಯಾವುದನ್ನು ಏರಿಸಲಿ? “ಯಾವುದಾರ ಒಂದ್ ಇಟ್ಕೊಳ್ಳಲೇ!” ಎಂದು ಅಪ್ಪ ಪಕ್ಕೆಗೆ ತಿವಿದ. ಆಗಲೇ ಗಂಗಾ ಸುಸಲಾದ ತಾಟು ಹಿಡಿದು ಬರಬೇಕೆ! ರೂಮಿ ಟೋಪಿ ವರ್ಷಗಟ್ಟಲೆ ಕುಳಿತು ಹಣೆಯ ಮೇಲೆ ಬಿಟ್ಟುಹೋದ ಬಿಳಿ ಗೆರೆ ಸಮೇತ ನನ್ನ ಬರಿದಲೆಯ ಸಂಸಾರವೆಲ್ಲ ಅವಳಿಗೆ ಕಾಣಿಸಿತು. ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ತಾಟು ನಡುಗಿ ಕಂಬಳಿಯ ತುಂಬ ಮಂಡಕ್ಕಿ ಚೆಲ್ಲಿತು. ಆ ನಗು ನೋಡಿದ ಮೇಲೆ, ಮದುವೆಯಾದರೆ ಇವಳನ್ನೇ ಆಗಬೇಕು ಎಂದು ನನ್ನ ಜೀವ ಹಟ ಹಿಡಿಯಿತು.

“ತಲಿ ಮ್ಯಾಲ ಏನಿರಬೇಕನ್ನೂದು ತಿಳೀದವಗ ನಮ್ಮ ಕೂಸಿನ್ನ ಹೆಂಗ ಕೊಡೂದು?” ಎಂದ ಮುತ್ಯಾ.

ಕಾಕಾ ಗಂಟಲು ಸರಿಮಾಡಿಕೊಂಡ. “ಕಾಲ ಬದಲಾಗೇತಿ. ಹುಡುಗೀನ್ನೂ ಒಂದ್ ಮಾತ್ ಕೇಳೂಣು.”

“ಹುಡುಗೀನ್ನ ಕೇಳೂದಾ! ಇಕಿ ಅವ್ವನ್ನ ಕೇಳಿದ್ವೇನು? ಇಕಿ ಅಜ್ಜೀನ್ನ ಕೇಳಿದ್ವೇನು?”

ಒಳಗಿನಿಂದ ಅಜ್ಜಿಯ ದನಿ ಬಂತು: “ಕೇಳಿದ್ರ ನಾ ಅವತ್ತs ಒಲ್ಲೆ ಅಂತಿದ್ದೆ!”

ಮುತ್ಯಾ ಎಲೆ ಅಡಿಕೆಯ ಚೀಲಕ್ಕೆ ಕೈಹಾಕಿದ. ಪಡಸಾಲೆಯೇ ಬಾಗಿಲ ಕಡೆ ತಿರುಗಿತು. ಗಂಗಾ ಬಾಗಿಲ ಮರೆಯಿಂದಲೇ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ತಲಿ ಮ್ಯಾಲ ಏನಿರಬೇಕಂತ ಅವರಿಗೆ ತಿಳಿಯಂಗಿಲ್ಲ, ಖರೇ. ನನಗ ತಿಳಿತೈತಿ. ಆಗ್ಲಿ ಅನ್ರಿ.”

ಹೀಗೆ ನನಗೆ ಮದುವೆಯಾಯಿತು, ಸ್ವಾತಂತ್ರ್ಯದ ಕಾಟವೂ ತಪ್ಪಿತು. ಕಚೇರಿಗೆ ಟೊಪ್ಪಿಗೆ, ಮಾವನ ಮನೆಗೆ ರುಮಾಲು, ಸಂಜೆ ಗಾಳಿಗೆ ಬರಿದಲೆ ಎಂದು ಅವಳೇ ಗೊತ್ತುಮಾಡಿದಳು. ಚುನಾವಣೆ ಬಂದಾಗ ಮಾತ್ರ ಮತ ಹಾಕುವ ಕೋಣೆಯೊಳಗೆ ಅವಳು ಜೊತೆಗೆ ಬರುವಂತಿರಲಿಲ್ಲ. ಒಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದರಂತೆ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳ ಮುಂದೆ ನಾನು ಚೀಟಿ ಹಿಡಿದು ನಿಂತೇ ಇದ್ದೆ. “ಒಳಗ ಮಲಗಿದ್ರೇನ್ರೀ?” ಎಂದು ಹೊರಗಿನಿಂದ ಕೂಗಿದರು. ನನ್ನ ಹಿಂದೆ ಬಂದ ಗಂಗಾ ಹೋದಷ್ಟೇ ಬೇಗ ಹೊರಬಂದಳು. ಯಾವುದಕ್ಕೆ ಹಾಕಿದೆ ಎಂದರೆ, “ಅದು ಗುಟ್ಟು, ಹೇಳಬಾರದು” ಎಂದಳು.

ಇವತ್ತು ಸಾಹೇಬರಿಗೆ ವರ್ಗವಾಗಿ ಬೀಳ್ಕೊಡುವ ಚಹಾಕೂಟ. ಶೇರ್ವಾನಿ ತೊಟ್ಟು, “ಗಂಗಾ, ಇವತ್ ತಲಿಗೆ ಯಾವುದು?” ಎಂದು ಕೂಗಿದೆ. ಅವಳು ಪತ್ರಿಕೆ ಓದುತ್ತಿದ್ದಳು. ಕಣ್ಣೆತ್ತದೆ ಅಂದಳು: “ಒಂದಿನಾರ ನೀವs ಆರಿಸ್ಕೋರಿ. ಸ್ವತಂತ್ರ ಬಂದು ಎಷ್ಟ್ ದಿನಾತು! ನಿಮ್ಮ ಮರ್ಜಿ.”

ಟೊಪ್ಪಿಗೆ, ರುಮಾಲು ತೂಗುಹಾಕಿದ್ದ ಗೂಟದ ಮುಂದೆ ನಿಂತೆ. ನಿಂತು ನಿಂತು ಕಾಲು ನೋಯಿತು, ಕುಳಿತೆ. ಕುಳಿತವನು ಸುಮ್ಮನೇಕೆ ಎಂದು ಇದನ್ನು ಬರೆಯತೊಡಗಿದೆ. ಈಗ ಬರೆದೂ ಮುಗಿಯಿತು, ಅಲ್ಲಿ ಚಹಾ ಕುಡಿದು ಎಲ್ಲರೂ ಮನೆಗೆ ಹೋಗಿರಬೇಕು. ತಲೆ ಮಾತ್ರ ಇನ್ನೂ ಬರಿದಾಗಿಯೇ ಇದೆ.